ಹೊಸ್ತಿಲು ತೆಗೆಸಿದ್ದಕ್ಕೆ ಒಂದು ಜಗಳ

ಮನೆಯಲ್ಲಿ ಯಾರಿಗಾದರೂ ಪಾರ್ಕಿನ್ಸನ್ (ಕೈಕಾಲು ನಡುಗಿಸಿ ಓಡಾಟ ನಿಧಾನ ಮಾಡುವ ಮಿದುಳಿನ ಕಾಯಿಲೆ) ಅಂತ ಗೊತ್ತಾದರೆ ನಾವೆಲ್ಲ ಡಾಕ್ಟರು, ಸ್ಕ್ಯಾನು, ಮಾತ್ರೆ ಅಂತ ಓಡಾಡುತ್ತೇವೆ. ಸಾಲ ಮಾಡಿಯಾದರೂ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಆದರೆ ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕಿಸೋಣ ಅಂದರೆ, "ಈಗಲೇ ಯಾಕೆ? ಇನ್ನೂ ಓಡಾಡ್ಕೊಂಡಿದ್ದಾರಲ್ಲ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಇದು ಗುಣವಾಗುವ ಕಾಯಿಲೆ ಅಲ್ಲ. ನಿಧಾನವಾಗಿ ಜಾಸ್ತಿಯಾಗುತ್ತಾ ಹೋಗುತ್ತದೆ. ಓಡಾಡಿಕೊಂಡಿರುವಾಗಲೇ ಮನೆ ತಯಾರಾಗಬೇಕು. ಬಿದ್ದು ಸೊಂಟ ಮುರಿದ ಮೇಲೆ ಹಿಡಿಕೆ ಹಾಕಿಸಿ ಏನು ಬಂತು?

ನಮ್ಮದು ಹಾಸನದ ಹಳೇ ಮನೆ. ಕೆಂಪು ಗಾರೆ ನೆಲ, ಕೋಣೆಗೊಂದು ಹೊಸ್ತಿಲು. ಅಮ್ಮನಿಗೆ ಕೈ ನಡುಕಕ್ಕಿಂತ ದೊಡ್ಡ ಕಾಟ ಅಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುವುದು. ಅಡುಗೆಮನೆ ಬಾಗಿಲಿಗೆ ಬಂದು ಹಾಗೇ ನಿಂತುಬಿಡುತ್ತಾರೆ. ಕಾಲಲ್ಲಿ ಶಕ್ತಿ ಇದೆ, ಹೆಜ್ಜೆ ಮಾತ್ರ ಏಳುವುದಿಲ್ಲ. ಮಿದುಳಿನಲ್ಲಿ ಡೋಪಮೈನ್ ಅನ್ನುವ, ಓಡಾಟಕ್ಕೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ಕಡಿಮೆಯಾಗುತ್ತಾ ಬಂದಾಗ, ಯೋಚನೆ ಮಾಡದೇ ಆಗುತ್ತಿದ್ದ ಕೆಲಸಗಳೇ ಕೈಕೊಡುತ್ತವೆ. ಇಕ್ಕಟ್ಟಾದ ಬಾಗಿಲು, ತಿರುಗುವ ಜಾಗ, ಹೊಸ್ತಿಲು ಇದ್ದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಆಗ ಹಿಂದಿನಿಂದ ತಳ್ಳಬಾರದು, ಕೈ ಹಿಡಿದು ಎಳೆಯಲೂಬಾರದು. ಬೀಳುತ್ತಾರೆ.

ವಿಚಿತ್ರ ಏನೆಂದರೆ, ನೆಲದ ಮೇಲೆ ಅಡ್ಡಗೆರೆ ಇದ್ದರೆ ಎಷ್ಟೋ ಜನರಿಗೆ ಅದೇ ಕಾಲು ಏಳುತ್ತದೆ. ಗೆರೆ ದಾಟಬೇಕು ಅಂತ ಕಣ್ಣು ಹೇಳಿದಾಗ ಮಿದುಳು ಬೇರೆ ದಾರಿಯಿಂದ ಕೆಲಸ ಮಾಡಿಸುತ್ತದೆ ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ನಾನು ಹಳದಿ ಟೇಪ್ ತಂದೆ. ಅಮ್ಮ ನೋಡಿದ್ದೇ, "ಇದೇನೋ, ಬಸ್ ಸ್ಟ್ಯಾಂಡ್ ತರ! ಪೇಂಟಲ್ಲಿ ರಂಗೋಲಿ ಎಳೆ ಎಳೆದ್ರೆ ಆಗಲ್ವಾ?" ಅಂದರು. ಆಗುತ್ತೆ! ಈಗ ಅಡುಗೆಮನೆ ಬಾಗಿಲಿಂದ ಬಚ್ಚಲಿನವರೆಗೂ ಬಿಳಿ ಎಳೆಗಳಿವೆ, ಅವರ ಹೆಜ್ಜೆಯ ಅಳತೆಗೆ. (ಈ ಕಾಯಿಲೆಯಲ್ಲಿ ಬರೆಯುವ ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ಅಮ್ಮ ಬರೆಯುವುದು ಅಪರೂಪ. ನಮ್ಮಲ್ಲಿ ಚಿಕ್ಕದಾಗಿದ್ದು ಅಂಗಳದ ರಂಗೋಲಿ. ಆಗ ಯಾರಿಗೂ ಹೊಳೆದಿರಲಿಲ್ಲ.)

ಜಗಳ ಆಗಿದ್ದು ಹೊಸ್ತಿಲಿಗೆ. ದೊಡ್ಡಮ್ಮ ಫೋನ್ ಮಾಡಿ, "ಹೊಸ್ತಿಲು ಕೀಳಿಸ್ತಾರೇನೋ? ಲಕ್ಷ್ಮಿ ಇರೋ ಜಾಗ ಕಣೋ" ಅಂತ ಬೈದರು. ಮುಂಬಾಗಿಲ ಹೊಸ್ತಿಲು ಹಾಗೇ ಇರಲಿ, ಅದಕ್ಕೆ ಎರಡೂ ಕಡೆ ಸಣ್ಣ ಇಳಿಜಾರು ಮಾಡಿಸೋಣ, ಒಳಗಿನವು ಮಾತ್ರ ಹೋಗಲಿ ಅಂತ ರಾಜಿ ಆಯಿತು. ಅದನ್ನು ತೀರ್ಮಾನ ಮಾಡಿದ್ದೂ ಅಮ್ಮನೇ. ಕಾಯಿಲೆ ಬಂದವರನ್ನು ಪಕ್ಕಕ್ಕೆ ಕೂರಿಸಿ ಮನೆ ಬದಲಾಯಿಸಲು ಹೊರಡುವವರಿಗೆ ಇದನ್ನು ಹೇಳಬೇಕು ಅನ್ನಿಸಿತು.

ಬಚ್ಚಲಲ್ಲಿ ಮಾಡಿಸಿದ್ದು ಸುಮಾರು ಎಲ್ಲರಿಗೂ ಗೊತ್ತಿರುವುದೇ. ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಕುರ್ಚಿ, ಎತ್ತರದ ಕಮೋಡು. ಒಂದು ಮಾತ್ರ ಯಾರೂ ಯೋಚಿಸುವುದಿಲ್ಲ: ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಒಳಗಿದ್ದವರು ಅದಕ್ಕೆ ಅಡ್ಡ ಬಿದ್ದರೆ ನೂಕಲೂ ಆಗುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂತಿರಲಿ.

ಇನ್ನು ಮಾತ್ರೆ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಗೆ ಬೇಳೆ, ಹಾಲು, ಮೊಟ್ಟೆಯಂಥ ಪ್ರೋಟೀನ್ ಅಡ್ಡ ಬರುತ್ತದೆ. ಹಾಗಾಗಿ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಬರೀ ನೀರಲ್ಲಿ ತಗೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹೊಟ್ಟೆ ತೊಳೆಸಿದರೆ ಡಾಕ್ಟರನ್ನು ಕೇಳಿ. ನಮ್ಮ ಮನೆಯಲ್ಲಿ ಈಗ ತಿಂಡಿ, ಊಟ, ಸ್ನಾನ ಎಲ್ಲವೂ ಮಾತ್ರೆ ಗಡಿಯಾರಕ್ಕೆ ಹೊಂದಿಕೊಂಡಿವೆ. ಮಾತ್ರೆ ಹಿಡಿದಿರುವ ಹೊತ್ತಲ್ಲಿ ಅಮ್ಮ ಸ್ನಾನ ಮುಗಿಸುತ್ತಾರೆ, ಹೆಸರುಬೇಳೆ ಆರಿಸುತ್ತಾರೆ, ನನ್ನ ಮೇಲೆ ರೇಗುತ್ತಾರೆ. ಅದರ ಗುಣ ಇಳಿದ ಹೊತ್ತಲ್ಲಿ ಸೆರಗು ಸರಿ ಮಾಡಿಕೊಳ್ಳಲೂ ಆಗುವುದಿಲ್ಲ. ನೋಡಿದವರು "ಬೆಳಿಗ್ಗೆ ಚೆನ್ನಾಗಿದ್ರಲ್ಲ, ಈಗ ನಾಟಕನಾ?" ಅನ್ನುತ್ತಾರೆ. ನಾಟಕ ಅಲ್ಲ ಸ್ವಾಮಿ. ದಯವಿಟ್ಟು ಆ ಮಾತು ಆಡಬೇಡಿ.

ಸೀರೆ ವಿಷಯಕ್ಕೆ ನಾವು ಸೋತೆವು. ನೆರಿಗೆ ಕಾಲಿಗೆ ಸಿಗುತ್ತದೆ, ನೈಟಿ ಹಾಕಿಕೋ ಅಂದರೆ ಬಂದವರ ಎದುರು ಆಗಲ್ಲ ಅನ್ನುತ್ತಾರೆ. ಕೊನೆಗೆ ಟೈಲರ್ ಹತ್ತಿರ ಹಳೇ ಸೀರೆಗಳಿಗೇ ನೆರಿಗೆ ಹೊಲಿಸಿ, ಸೊಂಟಕ್ಕೆ ವೆಲ್ಕ್ರೋ ಹಾಕಿಸಿ, ಸ್ವಲ್ಪ ಗಿಡ್ಡ ಮಾಡಿಸಿದ್ದೇವೆ. ಹೊಸ ಸೀರೆಗೆ ಮಾತ್ರ ಕತ್ತರಿ ಹಾಕಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ.

ಮನೆಯಲ್ಲಿ ಹಿಡಿಕೆ, ವಾಕರ್ ಕಂಡರೆ ಆಸ್ಪತ್ರೆ ತರ ಕಾಣುತ್ತೆ ಅನ್ನುವ ನಾಚಿಕೆಯೇ ನಮ್ಮನ್ನು ಜಾಸ್ತಿ ತಡೆಯುವುದು, ದುಡ್ಡಲ್ಲ. ಅಂಗವಿಕಲರ ಕಾರ್ಡ್ ಮಾಡಿಸಿ ಅಂದರೂ ಅದೇ ನಾಚಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಯುಡಿಐಡಿ ಅಂತ ಕರೆಯುವ ಈ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ಹಾಕಿ, ಮುಚ್ಚಿಡುವಂಥದ್ದು ಏನಿದೆ?

ಸದ್ಯದ ಜಗಳ ಒಲೆಯದ್ದು. ನಡುಗುವ ಕೈ, ಸೀರೆ ಸೆರಗು, ಗ್ಯಾಸ್ ಉರಿ ಮೂರೂ ಒಂದೇ ಕಡೆ ಬೇಡ ಅಂತ ಇಂಡಕ್ಷನ್ ತಂದಿದ್ದೇನೆ, ಕೂತು ಮಾಡುವಷ್ಟು ತಗ್ಗಿನ ಮೇಜೂ ಇದೆ. ಅಮ್ಮ ಅದರಲ್ಲಿ ಹಾಲು ಕಾಯಿಸುತ್ತಾರೆ, ಸಾರು ಬಿಸಿ ಮಾಡುತ್ತಾರೆ. ಅಕ್ಕಿ ರೊಟ್ಟಿಗೆ ಮಾತ್ರ ಗ್ಯಾಸೇ ಬೇಕಂತೆ. ರುಚಿ ವಿಷಯದಲ್ಲಿ ಅವರದ್ದೇ ಸರಿ. ಹಾಗಾಗಿ ಭಾನುವಾರ ರೊಟ್ಟಿ ತಟ್ಟುವುದು ಅವರು, ಕಾವಲಿ ಹತ್ತಿರ ನಿಲ್ಲುವುದು ನಾನು, ಸುಟ್ಟರೆ ಬೈಗುಳವೂ ನನಗೇ.