ಬೆಳಕು ಜಾಸ್ತಿ ಆಯ್ತು ಸರಿ, ರಸ್ತೆ ಕಾಣ್ತಾ ಇದೆಯಾ?

ಪಿಕಪ್‌ಗೆ ಎಚ್‌ಐಡಿ ಬಲ್ಬ್ (ಝೆನಾನ್ ಅಂತಾರಲ್ಲ, ಆ ಪ್ರಖರ ಬಿಳಿ ಬಲ್ಬ್) ಹಾಕಿಸ್ಲಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಹೆಡ್‌ಲೈಟ್ ಒಳಗೆ ಇರೋದು ರಿಫ್ಲೆಕ್ಟರಾ, ಪ್ರೊಜೆಕ್ಟರಾ? ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಗಾಡಿ ಮುಂದೆ ನಿಂತು ನೋಡಿದರೆ ಸಾಕು. ಬಲ್ಬಿನ ಸುತ್ತ ಒಳಬಾಗಿದ ಹೊಳೆಯುವ ಕನ್ನಡಿ ಕಂಡರೆ ರಿಫ್ಲೆಕ್ಟರ್. ಬಲ್ಬ್ ಕಾಣದೆ, ದಪ್ಪನೆಯ ಉಬ್ಬು ಲೆನ್ಸ್ ಕಂಡರೆ ಪ್ರೊಜೆಕ್ಟರ್.

ರಿಫ್ಲೆಕ್ಟರ್ ಆಗಿದ್ದರೆ ನನ್ನ ಉತ್ತರ ನೇರ: ಬರೀ ಬಲ್ಬ್ ಬದಲಾಯಿಸಬೇಡಿ. ಹೀಗೆ ಹೇಳಿದಾಗಲೆಲ್ಲ ಬರುವ ಮಾತು ಗೊತ್ತಲ್ಲ, "ನಮ್ಮ ಗಾಡೀಲಿ ಹಾಕ್ಸಿದೀವಿ, ಹಗಲಿನ ಥರ ಇದೆ." ಇರಬಹುದು. ಆ ಹಗಲು ಎಲ್ಲಿ ಬೀಳ್ತಾ ಇದೆ ಅನ್ನೋದೇ ನನ್ನ ತಕರಾರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಚ್‌ಐಡಿ ಬಗ್ಗೆ ನನಗೆ ದ್ವೇಷ ಇಲ್ಲ. ಅದೊಂದು ಅದ್ಭುತ ವಸ್ತು. ಹ್ಯಾಲೊಜೆನ್ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ಎಚ್‌ಐಡಿಯಲ್ಲಿ ತಂತಿಯೇ ಇಲ್ಲ. ಸಣ್ಣ ಗಾಜಿನ ಗುಂಡಿನೊಳಗೆ ಎರಡು ಎಲೆಕ್ಟ್ರೋಡ್, ಅವುಗಳ ನಡುವೆ ಸುಮಾರು 4 ಮಿಲಿಮೀಟರ್ ಜಾಗ. ಒಳಗೆ ಝೆನಾನ್ ಅನಿಲ, ಲೋಹದ ಉಪ್ಪುಗಳು. ಬ್ಯಾಲಸ್ಟ್, ಅಂದರೆ ಬಲ್ಬಿಗೆ ಕರೆಂಟು ಹೊಂದಿಸಿ ಕೊಡುವ ಪುಟ್ಟ ಪೆಟ್ಟಿಗೆ, ಸುಮಾರು 20,000 ವೋಲ್ಟಿನ ಹೊಡೆತ ಕೊಟ್ಟು ಕಿಡಿ ಹಾರಿಸುತ್ತದೆ. ಆಮೇಲೆ ಆ ಕಿಡಿಯನ್ನು ಆರದಂತೆ ಉರಿಸುತ್ತದೆ. 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕಾರಿನಲ್ಲಿ ಇದು ಮೊದಲು ಬಂತು. ಬರೀ 35 ವ್ಯಾಟ್‌ನಲ್ಲಿ ಸುಮಾರು 3,200 ಲೂಮೆನ್ ಬೆಳಕು (ಲೂಮೆನ್ ಅಂದರೆ ಬೆಳಕಿನ ಪ್ರಮಾಣದ ಅಳತೆ). ಲೋ, ಹೈ ಎರಡಕ್ಕೂ ಒಂದೇ ಆಗಿರುವ ಎಚ್4 ಹ್ಯಾಲೊಜೆನ್ ಬಲ್ಬಿನ ಲೋ ಬೀಮ್ (ಡಿಪ್ ಮಾಡಿದಾಗಿನ ಬೆಳಕು) 55 ವ್ಯಾಟ್ ತಿಂದು ಕೊಡುವುದು ಸುಮಾರು 1,000 ಲೂಮೆನ್. ಕರೆಂಟು ಕಡಿಮೆ, ಬೆಳಕು ಮೂರು ಪಟ್ಟು. ಯಾರಿಗೆ ಆಸೆ ಆಗಲ್ಲ ಹೇಳಿ.

ಆದರೆ ಹೆಡ್‌ಲೈಟ್ ಅಂದರೆ ಬಲ್ಬ್ ಒಂದೇ ಅಲ್ವಲ್ಲ. ಬಲ್ಬ್ ಎಲ್ಲಾ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಅದನ್ನು ಹಿಡಿದು, ಎಲ್ಲಿಗೆ ಎಷ್ಟು ಬೇಕೋ ಅಷ್ಟು ಕಳಿಸುವ ಕೆಲಸ ರಿಫ್ಲೆಕ್ಟರಿನದು. ಅದರ ಒಂದೊಂದು ಬಾಗೂ ತಂತಿ ಇಂಥ ಜಾಗದಲ್ಲೇ, ಇಷ್ಟೇ ದಪ್ಪ, ಇಷ್ಟೇ ಉದ್ದ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಒಂದು ಮಿಲಿಮೀಟರ್ ಆಚೀಚೆ ಆದರೂ ರಸ್ತೆ ಮೇಲೆ ಬೆಳಕಿನ ಆಕಾರ ಕೆಡುತ್ತದೆ.

ಎಚ್4 ಬಲ್ಬ್ ಇದ್ದರೆ ಒಮ್ಮೆ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತರೆ ಅಲ್ಲೇ ಕಾದು ಬಲ್ಬ್ ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಕಾಣುತ್ತವೆ. ಒಂದರ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು ಇದೆ. ಅದೇ ಲೋ ಬೀಮಿನ ತಂತಿ. ಆ ಬಟ್ಟಲು ಕೆಳಮುಖದ ಬೆಳಕನ್ನು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಡಿದು, ಅಲ್ಲಿಂದ ರಸ್ತೆ ಕಡೆಗೆ ಇಳಿಯುತ್ತದೆ. ಕೆಳಗಿನ ಅರ್ಧಕ್ಕೂ ಬೆಳಕು ಬಿದ್ದರೆ ಅದು ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ಹೋಗುತ್ತದೆ. ಬಲ್ಬಿನ ತುದಿ ನೋಡಿ, ಅಲ್ಲಿ ಕಪ್ಪು ಬಳಿದಿರುತ್ತಾರೆ. ತಂತಿಯ ಬೆಳಕು ಕನ್ನಡಿಗೆ ಬಡಿಯದೆ ನೇರ ಮುಂದಕ್ಕೆ ಹಾರಬಾರದು ಅಂತ. ಇಷ್ಟು ಸಣ್ಣ ವಸ್ತುವಿನಲ್ಲಿ ಎಷ್ಟು ಯೋಚನೆ ಮಾಡಿದ್ದಾರೆ ನೋಡಿ.

ಈಗ ಅದೇ ಹೋಲ್ಡರಿಗೆ ಎಚ್‌ಐಡಿ ಕಿಟ್ (ಬಲ್ಬು, ಬ್ಯಾಲಸ್ಟು ಸೇರಿದ ಸೆಟ್) ಕೂರಿಸಿದರೆ ಏನಾಗುತ್ತದೆ? ಎಷ್ಟೋ ಕಿಟ್‌ಗಳಲ್ಲಿ ಆ ಬಟ್ಟಲೇ ಇರಲ್ಲ. ಕೆಲವು ಕಿಟ್‌ಗಳಲ್ಲಿ ತಗಡಿನ ಮರೆ ಸುತ್ತಿರುತ್ತಾರೆ, ಆದರೆ ಅದು ಕೂತಿರೋ ಜಾಗ ಸರಿ ಇರಲ್ಲ. ತುದಿಗೆ ಕಪ್ಪು ಇರಲ್ಲ. ಕಿಡಿಯ ಸ್ವಭಾವವೂ ತಂತಿಯ ಥರ ಅಲ್ಲ. ಅದು ಬಿಸಿಗೆ ಮೇಲಕ್ಕೆ ಬಾಗುತ್ತದೆ. ಎರಡು ತುದಿಯಲ್ಲಿ ಪ್ರಖರ, ನಡುವೆ ಮಂದ. ತಂತಿಗೆಂದು ಮಾಡಿದ ಕನ್ನಡಿಗೆ ಇದರ ಲೆಕ್ಕ ಗೊತ್ತಿಲ್ಲ. ಬಂದ ಬೆಳಕನ್ನು ಎಲ್ಲೆಲ್ಲಿಗೋ ಎಸೆಯುತ್ತದೆ.

ಗಾಡಿ ಕಂಪನಿಗಳೇ ರಿಫ್ಲೆಕ್ಟರಿಗೆ ಎಚ್‌ಐಡಿ ಕೊಟ್ಟಿದ್ದಾರಲ್ಲ ಅಂತ ತಿಳಿದವರು ಕೇಳಬಹುದು. ಹೌದು, ಕೊಟ್ಟಿದ್ದಾರೆ. ಆದರೆ ಅವರು ಆ ಕಿಡಿಗೆ ತಕ್ಕ ಹಾಗೆ ಬೇರೆಯದೇ ರಿಫ್ಲೆಕ್ಟರ್ ಮಾಡಿದರು. ಅದಕ್ಕೆ ಡಿ2ಆರ್ ಅನ್ನೋ ಬೇರೆಯದೇ ಬಲ್ಬ್ ಬಳಸಿದರು. ಅದರ ಗಾಜಿನ ಮೇಲೆ ಬೇಡದ ಕಡೆ ಬೆಳಕು ಹೋಗದಂತೆ ಪಟ್ಟಿ ಬಳಿದಿರುತ್ತದೆ. ಪ್ರೊಜೆಕ್ಟರಿಗೆ ಹೋಗುವ ಡಿ2ಎಸ್‌ಗೆ ಆ ಪಟ್ಟಿ ಇಲ್ಲ.

ನಮ್ಮ ಭಾವನ ಪಿಕಪ್‌ನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬಲಗಡೆಗೆ ಎಚ್‌ಐಡಿ ಹಾಕಿ ಆಗಿತ್ತು, ಎಡಗಡೆಯದು ಇನ್ನೂ ಹಳೆ ಹ್ಯಾಲೊಜೆನ್. ಎದುರಿಗೆ ಬಿಳಿ ಗೋಡೆ. ಎಡಗಡೆ ಹಳದಿ ಬೆಳಕು ಒಂದು ಮಟ್ಟಕ್ಕೆ ಬಂದು, ಗೆರೆ ಕೊರೆದ ಹಾಗೆ ನಿಂತಿತ್ತು. ಗೆರೆಯ ಮೇಲೆ ಕತ್ತಲು. ಬಲಗಡೆ ಗೆರೆಯೇ ಇರಲಿಲ್ಲ. ಬಿಳಿ ಬೆಳಕು ಗೋಡೆ ತುಂಬಾ ಹರಡಿ, ಮೇಲಿನ ಕಿಟಕಿಯ ತನಕ ಹತ್ತಿತ್ತು. ಭಾವ ಖುಷಿಯಾಗಿ, "ನೋಡೋ, ಎಷ್ಟು ವ್ಯತ್ಯಾಸ!" ಅಂದರು. ನಾನು ಹೇಳಿದೆ, "ಭಾವ, ಕಿಟಕಿ ಮೇಲೆ ಗಾಡಿ ಓಡ್ಸಲ್ಲ ಅಲ್ವಾ?" ನಕ್ಕರು. ಎರಡನೇ ಬಲ್ಬನ್ನೂ ಹಾಕಿಸಿಯೇ ಬಿಟ್ಟರು, ಅದು ಬೇರೆ ಮಾತು.

ಹಾಕಿಸಿಕೊಂಡವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಲೂ ಚೆನ್ನಾಗಿ ಕಾಣ್ತಿದೆ ಅನ್ನಿಸುತ್ತದೆ. ಬಾನೆಟ್ ಮುಂದಿನ ಹತ್ತಿಪ್ಪತ್ತು ಮೀಟರ್ ರಸ್ತೆ ಬೆಳ್ಳಗೆ ಹೊಳೆಯುತ್ತದೆ. ಪಕ್ಕದ ಗಿಡ, ಬೋರ್ಡು, ಮರದ ಕೊಂಬೆ ಎಲ್ಲಾ ಕಾಣುತ್ತವೆ. ತೊಂದರೆ ಅಲ್ಲೇ ಇದೆ. ಹತ್ತಿರದ್ದು ಅಷ್ಟು ಬೆಳಗಿದರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡು ಪಾಪೆ ಕಿರಿದಾಗುತ್ತದೆ. ಆಗ ದೂರದ ಕತ್ತಲು ಇನ್ನೂ ಕತ್ತಲು. 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಆ ಬೆಳ್ಳಗಿನ ಜಾಗ ಮುಗಿದಿರುತ್ತದೆ. ನಿಮಗೆ ಬೇಕಿರೋದು 60, 80 ಮೀಟರ್ ಆಚೆ ನಿಂತಿರೋ ದನ ಕಾಣೋದು. ಚದುರಿದ ಬೆಳಕು ಅಲ್ಲಿಗೆ ತಲುಪಲ್ಲ.

ಬಣ್ಣದ ಹುಚ್ಚು ಇನ್ನೊಂದು. 6000ಕೆ, 8000ಕೆ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಅಂತ ತಿಳಿದವರು ಬಹಳ. ಕೆ ಅಂದರೆ ಕೆಲ್ವಿನ್, ಅದು ಬಣ್ಣದ ಅಳತೆ, ಬೆಳಕಿನದಲ್ಲ. ಕಂಪನಿಯಿಂದ ಬರುವ ಎಚ್‌ಐಡಿ ಸುಮಾರು 4300ಕೆ ಇರುತ್ತದೆ, ಬಿಳಿಯಲ್ಲಿ ಸ್ವಲ್ಪ ಬೆಚ್ಚಗಿನ ಬಣ್ಣ. ಅಲ್ಲಿಂದ ಮೇಲೆ ಹೋದಂತೆ ನೀಲಿ ಏರುತ್ತದೆ, ಲೂಮೆನ್ ಇಳಿಯುತ್ತದೆ. ನೀಲಿ ಬೆಳಕು ಎದುರಿನವರ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ, ವಯಸ್ಸಾದವರಿಗಂತೂ ಕೇಳಲೇಬೇಡಿ. ದುಡ್ಡು ಕೊಟ್ಟು ಬೆಳಕು ಕಡಿಮೆ ಮಾಡಿಸಿಕೊಂಡು, ಬೈಸಿಕೊಳ್ಳೋದೂ ನಾವೇ.

ಇನ್ನು ಪಿಕಪ್ ವಿಷಯ. ಇದನ್ನು ಯಾರೂ ಮಾತಾಡಲ್ಲ, ನನಗೆ ಇದೇ ಮುಖ್ಯ. ಕಾರಿಗಿಂತ ಪಿಕಪ್‌ನ ದೀಪ ಎತ್ತರದಲ್ಲಿದೆ. ಮುಂದೆ ಸಣ್ಣ ಕಾರು ಹೋಗುತ್ತಿದ್ದರೆ ನಮ್ಮ ಲೋ ಬೀಮ್ ಅವರ ಕನ್ನಡಿಯ ಮಟ್ಟಕ್ಕೇ ಬರುತ್ತದೆ. ಜೊತೆಗೆ ಇದು ಲೋಡ್ ಹೊರುವ ಗಾಡಿ. ಸಣ್ಣ ಲೆಕ್ಕ ನೋಡಿ. ಲೋ ಬೀಮನ್ನು ಸಾಮಾನ್ಯವಾಗಿ 1% ಇಳಿಜಾರಿಗೆ ಕೂರಿಸುತ್ತಾರೆ, ಅಂದರೆ 10 ಮೀಟರಿಗೆ 10 ಸೆಂಟಿಮೀಟರ್ ಕೆಳಗೆ. ದೀಪ ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ ಇಳಿಸಬೇಕು. ಮುಂದಿನ ಹಿಂದಿನ ಚಕ್ರಗಳ ಅಂತರ 3 ಮೀಟರ್ ಅಂದುಕೊಳ್ಳಿ. ಹಿಂದೆ ಲೋಡ್ ಬಿದ್ದು ಮುಂಭಾಗಕ್ಕಿಂತ 6 ಸೆಂಟಿಮೀಟರ್ ಕುಸಿದರೆ ಇಡೀ ಗಾಡಿ 2% ಮೇಲ್ಮುಖ ಆಗುತ್ತದೆ. 1% ಕೆಳಗೆ ನೋಡುತ್ತಿದ್ದ ಬೀಮ್ ಈಗ 1% ಆಕಾಶ ನೋಡುತ್ತದೆ. ಬರೀ 6 ಸೆಂಟಿಮೀಟರ್! ಚೀಲ ತುಂಬಿದ ಪಿಕಪ್‌ಗೆ ಅದು ಲೆಕ್ಕಕ್ಕೇ ಇಲ್ಲ. 1,000 ಲೂಮೆನ್ ಹ್ಯಾಲೊಜೆನ್ ಇದ್ದಾಗಲೇ ಎದುರಿನವರು ಡಿಪ್ ಮಾಡಿ ಅಂತ ಲೈಟ್ ಮಿನುಗಿಸುತ್ತಾರೆ. 3,000 ಲೂಮೆನ್ ಹಾಗೆ ಎದ್ದು ನಿಂತರೆ?

ಯುರೋಪಿನ ನಿಯಮ ಮಾಡಿದವರಿಗೆ ಇದು ಗೊತ್ತಿತ್ತು. ಲೋ ಬೀಮಿನ ಬಲ್ಬ್ 2,000 ಲೂಮೆನ್ ದಾಟಿದರೆ ಲೋಡಿಗೆ ತಕ್ಕಂತೆ ದೀಪ ತಾನಾಗಿ ಏರಿಳಿಯುವ ವ್ಯವಸ್ಥೆ ಬೇಕು, ಲೈಟ್ ತೊಳೆಯುವ ವ್ಯವಸ್ಥೆಯೂ ಬೇಕು ಅಂತ ಇಟ್ಟರು. ಕೊಳೆ ಕೂತ ಗಾಜಿನಿಂದ ಬೆಳಕು ಚದುರುತ್ತದೆ, ಅದಕ್ಕೆ ತೊಳೆಯೋದು. ಪಿಕಪ್‌ಗಳ ನಾಡು ಅಮೆರಿಕದಲ್ಲೂ ಹ್ಯಾಲೊಜೆನ್ ಜಾಗಕ್ಕೆ ಹಾಕುವ ಎಚ್‌ಐಡಿ ಕಿಟ್ ಅಲ್ಲಿನ ದೀಪದ ನಿಯಮಕ್ಕೆ ಹೊಂದಲ್ಲ ಅಂತ ರಸ್ತೆ ಸುರಕ್ಷತಾ ಇಲಾಖೆ ಹೇಳಿದೆ. ಡಬ್ಬಿ ಮೇಲೆ 'ಆಫ್‌ರೋಡ್‌ಗೆ ಮಾತ್ರ' ಅಂತ ಸಣ್ಣಕ್ಷರದಲ್ಲಿ ಬರೆದು ಮಾರುವವರಿಗೂ ಇದು ಗೊತ್ತು, ಇಲ್ಲದಿದ್ದರೆ ಯಾಕೆ ಬರೀತಾರೆ.

ವೈರಿಂಗ್ ತಲೆನೋವು ಬೇರೆ. ಕೆಲವು ಪಿಕಪ್‌ಗಳಲ್ಲಿ ಹಗಲು ಲೈಟ್ ಅಂತ ಹೆಡ್‌ಲೈಟ್ ಬಲ್ಬನ್ನೇ ಕಡಿಮೆ ವೋಲ್ಟೇಜಿನಲ್ಲಿ ಉರಿಸುತ್ತಾರೆ. ತಂತಿಗೆ ಅದು ಸರಿ, ಮಂದವಾಗಿ ಉರಿಯುತ್ತದೆ. ಬ್ಯಾಲಸ್ಟಿಗೆ ಅರೆಬರೆ ಕರೆಂಟು ಆಗಲ್ಲ. ಮಿಣುಕುತ್ತದೆ, ಹೊತ್ತಿ ಹೊತ್ತಿ ಆರುತ್ತದೆ, ಕೊನೆಗೆ ಸುಡುತ್ತದೆ. ಬಲ್ಬ್ ಇದೆಯಾ ಇಲ್ವಾ ಅಂತ ಗಾಡಿಯ ಕಂಪ್ಯೂಟರ್ ಪರೀಕ್ಷೆ ಮಾಡುವ ಮಾಡೆಲ್‌ಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಸುಮ್ನೆ ಎಚ್ಚರಿಕೆ ದೀಪ ಬರುತ್ತದೆ. ಹೈ ಬೀಮಿಗೂ ಎಚ್‌ಐಡಿ ಹಾಕಿಸಿದವರಿಗೆ ಓವರ್‌ಟೇಕ್ ಮಾಡುವಾಗ ಡಿಪ್ಪರ್ ಹೊಡೆದರೂ ಕೆಲಸ ಆಗಲ್ಲ. ಒಳ್ಳೆಯ ಎಚ್‌ಐಡಿಗೂ ಪೂರ್ತಿ ಬೆಳಕಿಗೆ ಬರಲು ಕೆಲವು ಸೆಕೆಂಡ್ ಬೇಕು. ಅಷ್ಟರಲ್ಲಿ ಎದುರಿನ ಗಾಡಿ ಪಕ್ಕದಲ್ಲೇ ಇರುತ್ತದೆ. ಅಗ್ಗದ ಬಲ್ಬಾದರೆ ನೇರಳಾತೀತ ಕಿರಣ ತಡೆಯುವ ಹೊರಗಾಜು ಸರಿ ಇರಲ್ಲ, ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿ ಆಗುತ್ತಾ ಬರುತ್ತದೆ.

ಹಾಗಾದರೆ ಮಂದ ಲೈಟಿನಲ್ಲೇ ಓಡಿಸಬೇಕಾ? ಖಂಡಿತ ಬೇಡ. ಹಳೆ ಪಿಕಪ್‌ಗಳಲ್ಲಿ ಲೈಟ್ ಮಂದ ಅನ್ನೋರ ದೂರು ಬಹಳ ಸಲ ಬಲ್ಬಿನದ್ದಲ್ಲ, ವೈರಿನದ್ದು. ಮಲ್ಟಿಮೀಟರ್ ತಗೊಳ್ಳಿ. ಇಂಜಿನ್ ಆನ್ ಇರಲಿ, ಲೈಟ್ ಉರಿಯುತ್ತಿರಲಿ. ಒಂದು ತುದಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಬಲ್ಬಿನ ಪಾಸಿಟಿವ್ ಪಿನ್ನಿಗೆ. ಬರುವ ಅಂಕಿಯಷ್ಟು ವೋಲ್ಟ್ ದಾರಿಯಲ್ಲೇ ಸೋರಿ ಹೋಗುತ್ತಿದೆ ಅಂತ ಅರ್ಥ. ಅರ್ಥಿಂಗ್ ಕಡೆಯೂ ಹಾಗೇ ನೋಡಿ. ತಂತಿ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಇಳಿಯುತ್ತದೆ. 13.2 ಬರಬೇಕಾದ ಕಡೆ 12.2 ಬಂದರೆ ಸುಮಾರು ಕಾಲು ಭಾಗ ಬೆಳಕು ಹೋಯಿತು. ಬ್ಯಾಟರಿಯಿಂದ ನೇರ ದಪ್ಪ ವೈರ್, ಒಂದು ಫ್ಯೂಸ್, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿಸಿದರೆ ಅದು ವಾಪಸ್ ಬರುತ್ತದೆ. ಸ್ವಿಚ್ ಮೇಲಿನ ಹೊರೆಯೂ ಇಳಿಯುತ್ತದೆ. ನನ್ನ ಗಾಡಿಯಲ್ಲಿ ಮಾಡಿಸಿದ್ದು ಇದನ್ನೇ, ಬಲ್ಬ್ ಈಗಲೂ ಮಾಮೂಲಿ ಹ್ಯಾಲೊಜೆನ್.

ಹೆಡ್‌ಲೈಟ್ ಪ್ಲಾಸ್ಟಿಕ್ ಮಂಜಾಗಿದ್ದರೆ ಯಾವ ಬಲ್ಬ್ ಹಾಕಿದರೂ ವ್ಯರ್ಥ. ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಪಾಲಿಶ್ ಮಾಡಿ, ಮೇಲೆ ನೇರಳಾತೀತ ಕಿರಣ ತಡೆಯುವ ಯುವಿ ಕೋಟ್ ಕೊಡಿಸಿ. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ಇಷ್ಟಾದ ಮೇಲೂ ಎಚ್‌ಐಡಿ ಬೇಕೇ ಬೇಕು ಅನ್ನೋರು ಪ್ರೊಜೆಕ್ಟರ್ ಹಾಕಿಸಿ. ಹೆಡ್‌ಲೈಟ್ ಬಿಸಿ ಮಾಡಿ, ಅಂಟು ಸಡಿಲಿಸಿ, ಬಿಚ್ಚಿ, ಒಳಗೆ ಎಚ್‌ಐಡಿಗೆಂದೇ ಮಾಡಿದ ಬೈ-ಝೆನಾನ್ (ಲೋ, ಹೈ ಎರಡಕ್ಕೂ ಒಂದೇ ಬಲ್ಬ್) ಪ್ರೊಜೆಕ್ಟರ್ ಕೂರಿಸುತ್ತಾರೆ. ಅದರೊಳಗಿನ ತಗಡಿನ ಮರೆ ಲೋ ಬೀಮಿಗೆ ನೇರ ಗೆರೆ ಕೊಡುತ್ತದೆ, ಹೈ ಬೀಮಿಗೆ ಸರಿದು ದಾರಿ ಬಿಡುತ್ತದೆ. ಒಂದೇ ಬಲ್ಬ್ ಉರಿಯುತ್ತಲೇ ಇರುವುದರಿಂದ ಡಿಪ್ಪರಿಗೆ ಕಾಯುವ ಗೋಳೂ ಇಲ್ಲ. ಹ್ಯಾಲೊಜೆನ್‌ಗೆಂದು ಮಾಡಿದ ಪ್ರೊಜೆಕ್ಟರಿಗೆ ಕಿಟ್ ಬಲ್ಬ್ ಹಾಕಿದರೆ ಗೆರೆ ಉಳಿಯುತ್ತದೆ, ಆದರೆ ಬೆಳಕಿನ ಹಂಚಿಕೆ ಕೆಡುತ್ತದೆ. ಕೆಲಸ ಮಾಡುವವರ ಕೈ ಚೆನ್ನಾಗಿರಬೇಕು. ಅಂಟು ಸರಿಯಾಗಿ ಮುಚ್ಚದಿದ್ದರೆ ಮೊದಲ ಮಳೆಗೇ ಒಳಗೆ ನೀರು. ರಸ್ತೆಯ ಯಾವ ಬದಿಯಲ್ಲಿ ಓಡಿಸುತ್ತೀರೋ ಅದಕ್ಕೆ ಹೊಂದುವ ಪ್ರೊಜೆಕ್ಟರೇ ಬೇಕು. ಬೀಮ್ ಮೇಲೇರುವ ತುದಿ ರಸ್ತೆಯ ಅಂಚಿನ ಕಡೆ ಇರಬೇಕೇ ಹೊರತು ಎದುರು ಗಾಡಿಯ ಕಡೆ ಅಲ್ಲ. ಲೈಟ್ ಆನ್ ಇರುವಾಗ ಬ್ಯಾಲಸ್ಟ್ ವೈರಿಗೆ ಕೈ ಹಾಕಬೇಡಿ, ಅದು ತಮಾಷೆಯ ವೋಲ್ಟೇಜ್ ಅಲ್ಲ.

ಯಾವುದೇ ಲೈಟ್ ಇರಲಿ, ಕೊನೆಗೆ ಬೀಮ್ ಹೊಂದಿಸಲೇಬೇಕು. ಇದು ಬಹಳ ಜನ ಬಿಟ್ಟುಬಿಡುವ ಕೆಲಸ, ಸ್ಕ್ರೂಡ್ರೈವರ್ ಬಿಟ್ಟರೆ ಏನೂ ಖರ್ಚಿಲ್ಲ. ಸಮತಟ್ಟು ಜಾಗ, 10 ಮೀಟರ್ ದೂರಕ್ಕೆ ಗೋಡೆ, ಟೈರಿನಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ದೀಪದ ನಡುಮಟ್ಟವನ್ನು ಗೋಡೆ ಮೇಲೆ ಗುರುತು ಮಾಡಿ, ಬೀಮಿನ ಗೆರೆಯನ್ನು ಅದಕ್ಕಿಂತ ಕೆಳಗೆ ತನ್ನಿ. ನೀವು ಯಾವಾಗಲೂ ಹೊರುವಷ್ಟು ಲೋಡ್ ಹಾಕಿ ಅದೇ ಗೋಡೆ ಮುಂದೆ ಇನ್ನೊಮ್ಮೆ ನಿಲ್ಲಿಸಿ. ಗೆರೆ ಎಷ್ಟು ಮೇಲೆ ಹೋಯಿತು ಅಂತ ನೋಡಿ. ಲೈಟ್ ಏರಿಳಿಸುವ ಗುಂಡಿ ಕ್ಯಾಬಿನ್ನಿನಲ್ಲಿ ಇದ್ದರೆ ಯಾವ ಅಂಕಿಗೆ ತಿರುಗಿಸಿದರೆ ಗೆರೆ ಮತ್ತೆ ಕೆಳಗೆ ಬರುತ್ತದೆ ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಗುಂಡಿ ಇಲ್ಲದ ಗಾಡಿಯಾದರೆ ಲೋಡ್ ಇರುವಾಗಲೇ ಹೊಂದಿಸಿ. ಖಾಲಿ ಓಡಿಸುವಾಗ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ಆಗ ವೇಗ ಕಡಿಮೆ ಮಾಡಿದರಾಯಿತು.