ಸ್ಪಷ್ಟನೆ: ಜಡ್ಜ್ ಪರ್ಸ್ಕಿಯನ್ನು ಇಳಿಸಿದ್ದು ಮತದಾರರು

‘ಲೈಂಗಿಕ ದೌರ್ಜನ್ಯದ ಕೇಸಲ್ಲಿ ಬರೀ ಆರು ತಿಂಗಳ ಜೈಲು ಕೊಟ್ಟ ಅಮೆರಿಕದ ಜಡ್ಜ್ ಆರನ್ ಪರ್ಸ್ಕಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು’ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

2016ರ ಜೂನ್‌ನಲ್ಲಿ ಆ ಶಿಕ್ಷೆ ಕೊಟ್ಟಿದ್ದು ಹೌದು. ಸರ್ಕಾರಿ ವಕೀಲರು ಕೇಳಿದ್ದು ಆರು ವರ್ಷ! ಆದರೆ ಜಡ್ಜ್‌ಗಳ ನಡತೆ ನೋಡುವ ರಾಜ್ಯ ಆಯೋಗಕ್ಕೆ ಅವರಲ್ಲಿ ದುರ್ನಡತೆ ಕಾಣಲಿಲ್ಲ. ಇಳಿಸಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಮತದಾರರು, 2018ರ ಜೂನ್ 5ರಂದು.

ಅಲ್ಲಿ ಕೆಳಕೋರ್ಟಿನ ಜಡ್ಜ್‌ಗೂ ಆರು ವರ್ಷಕ್ಕೊಮ್ಮೆ ಚುನಾವಣೆ. ಪರ್ಸ್ಕಿ 2002ರಲ್ಲಿ ನಿಂತು ಸೋತರು, 2003ರಲ್ಲಿ ಗವರ್ನರ್ ನೇಮಿಸಿದರು. 2016ರಲ್ಲಿ ಎದುರಾಳಿಯೇ ಇರಲಿಲ್ಲ, ಸುಮ್ನೆ ಗೆದ್ದರು. ವಾಪಸ್ ಕರೆಸುವ, ಅಂದರೆ ಅವಧಿ ಮುಗಿಯೋ ಮೊದಲೇ ಹುದ್ದೆಯಿಂದ ಇಳಿಸುವ ಮತದಾನದಲ್ಲಿ ಮಾತ್ರ ಸುಮಾರು ಶೇ 60ಕ್ಕಿಂತ ಜಾಸ್ತಿ ಜನ ‘ಪರ್ಸ್ಕಿ ಬೇಡ’ ಎಂದರು. ಆ ರಾಜ್ಯದಲ್ಲಿ 1932ರ ನಂತರ ಹೀಗೆ ಹುದ್ದೆ ಕಳೆದುಕೊಂಡ ಮೊದಲ ಜಡ್ಜ್ ಇವರೇ.