ಅವನ ಕಾರ್ಡ್ ಹರಿಯಲು ಕೈ ಬರಲಿಲ್ಲ
ಟಿವಿ ಕುಸ್ತಿಯ ಹೀರೊ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ವಿಲನ್ ಆದ ದಿನದ ಬಗ್ಗೆ ಬರಹವೊಂದು ಕಣ್ಣಿಗೆ ಬಿತ್ತು. ಓದುತ್ತಿದ್ದಂತೆ ಮನಸ್ಸು ಸಕಲೇಶಪುರಕ್ಕೆ ಓಡಿತು. 2001ರ ಏಪ್ರಿಲ್ 1, ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ ವರ್ಷದ ದೊಡ್ಡ ಕುಸ್ತಿ ಷೋ, ರೆಸಲ್‌ಮೇನಿಯಾ. ನಾವು ನೋಡಿದ್ದು ಆಮೇಲೆ, ಬೇಸಿಗೆ ರಜೆಯಲ್ಲಿ, ಪಕ್ಕದ ಮನೆ ಟಿವಿಯಲ್ಲಿ. ಎದುರಾಳಿ ರಾಕ್‌ಗೆ ಸ್ಟೋನ್ ಕೋಲ್ಡ್ ಕುರ್ಚಿಯಲ್ಲಿ ಒಂದೇ ಸಮ ಬಾರಿಸಿದ. ಅದನ್ನಾದರೂ ಸಹಿಸಿಕೊಂಡೆ. ಆದರೆ ವರ್ಷಗಟ್ಟಲೆ ಎದುರು ಹಾಕಿಕೊಂಡಿದ್ದ ಕುಸ್ತಿ ಕಂಪನಿಯ ಮಾಲೀಕ ವಿನ್ಸ್ ಮೆಕ್‌ಮಹನ್ ಕೈಯನ್ನೇ ಕುಲುಕಿದನಲ್ಲ, ಆಗ ಅಳು ಬಂದುಬಿಟ್ಟಿತು. ‘ಸುಮ್ನೆ ನಾಟಕ ಕಣೋ’ ಅಂದ ಅಣ್ಣ. ನನಗೆ ಅದು ನಾಟಕ ಆಗಿರಲಿಲ್ಲ.

ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡ್ ಕಟ್ಟಿನಿಂದ ಸ್ಟೋನ್ ಕೋಲ್ಡ್‌ನ ಕಾರ್ಡ್ ತೆಗೆದೆ. ಆಡಿ ಆಡಿ ಮೂಲೆಗಳು ಬೆಳ್ಳಗಾಗಿದ್ದವು. ಹರಿಯಲು ಕೈ ಬರಲಿಲ್ಲ. ಕಾಫಿ ಕಣದ ಪಕ್ಕದ ಕಲ್ಲಿನ ಸಂದಿಯಲ್ಲಿ ತುರುಕಿ ಬಂದೆ. ರಾತ್ರಿ ಮಳೆ ಹೊಯ್ಯಿತು. ಬೆಳಿಗ್ಗೆ ಎದ್ದವನೇ ಓಡಿಹೋಗಿ ತಂದು, ಒಲೆ ಪಕ್ಕ ಇಟ್ಟು ಒಣಗಿಸಿದೆ.